ಎಡಗೈಯ ಸದ್ದು

ಲಿಫ್ಟ್ ರಿಪೇರಿ ಮಾಡುವುದರಿಂದ ಬೀದಿಯವರೆಲ್ಲ ಅವನನ್ನು ಲಿಫ್ಟಿನವನು ಎಂದೇ ಕರೆಯುತ್ತಿದ್ದರು. ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಕೆಟ್ಟ ಯಂತ್ರವನ್ನು ಬೈಯದೆ ಅವನು ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ. ಅದರಲ್ಲೂ, ಒಂಟಿಯಾಗಿ ಹತ್ತಿದ ಪುಟ್ಟ ಹುಡುಗಿಯ ಭಾರವನ್ನು ಲೆಕ್ಕಕ್ಕೇ ಹಿಡಿಯದೆ ಒಳಗಿನ ದೀಪ ಆರಿಸಿಬಿಡುವ ಹಳೆಯ ಲಿಫ್ಟುಗಳೆಂದರೆ ಮೈಯೆಲ್ಲ ಉರಿ. "ಹಗುರಾಗಿದ್ದೋರು ಮನುಷ್ಯರಲ್ವೇನೋ?" ಎಂದು ಯಂತ್ರವನ್ನೇ ಗದರುತ್ತಿದ್ದ.

ಅವನ ಅಕ್ಕನ ಗಂಡ ಡ್ರಮ್ಮರ್. ಬಲಗೈ ಗುಡುಗಿದರೆ ಎಡಗೈ ಪಿಸುಗುಟ್ಟುತ್ತಿತ್ತು. ದೊಡ್ಡ ಪೆಟ್ಟುಗಳ ನಡುವೆ ಅವನು ಉದುರಿಸುತ್ತಿದ್ದ ಆ ಸಣ್ಣ ಪೆಟ್ಟುಗಳಿಗಾಗಿಯೇ ಬ್ಯಾಂಡಿನವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಹೋದ ವರ್ಷ ಪಾರ್ಶ್ವವಾಯು ಬಡಿದು ಎಡಗೈ ಸೋತಿತು. ಡ್ರಮ್ಮಿನ ಕಡ್ಡಿ ಹಿಡಿಯುವಷ್ಟು ಬಲ ಮರಳಿತು, ಅಷ್ಟೇ. ಆ ಕೈ ಮತ್ತೆ ಬಾರಿಸಬಲ್ಲದೇ ಎಂಬುದೊಂದೇ ಈಗ ಮನೆಯ ಪ್ರಶ್ನೆ. ತೆಳು ಗೋಡೆಯ ಬಾಡಿಗೆ ಮನೆಯಲ್ಲಿ ನಿಜವಾದ ಡ್ರಮ್ ಇಡುವಂತಿರಲಿಲ್ಲ. ಅದಕ್ಕೆ ಬ್ಯಾಂಡಿನ ಯಜಮಾನ ಎಲೆಕ್ಟ್ರಾನಿಕ್ ಡ್ರಮ್ ಕಳಿಸಿದ: ರಬ್ಬರ್ ಪ್ಯಾಡುಗಳು, ಸದ್ದು ಹೊರಡಿಸುವ ಒಂದು ಪೆಟ್ಟಿಗೆ, ಒಂದು ಹೆಡ್‌ಫೋನ್. ಬಲಗೈ ಬಡಿದಾಗ ಸದ್ದು ಬಂತು. ಎಡಗೈ ಬಡಿದಾಗ ಏನೂ ಇಲ್ಲ. ಬಾವ ಕಡ್ಡಿ ಎಸೆದ. ಅದು ಅಕ್ಕ ಮಡಚಿಟ್ಟ ಬಟ್ಟೆಗಳ ಮೇಲೆ ಬಿತ್ತು.

"ಎಸೀರಿ. ಎಡಗೈಲಿ ಎಸೆದ್ರೆ ವ್ಯಾಯಾಮನಾದ್ರೂ ಆಗುತ್ತೆ," ಎಂದಳು ಅಕ್ಕ.

ಲಿಫ್ಟಿನವನು ಪೆಟ್ಟಿಗೆಯ ಗುಂಡಿಗಳನ್ನೆಲ್ಲ ತಿರುಗಿಸಿ ನೋಡಿದ. ಹಲ್ಲು ಕಡಿದ. "ಇದಕ್ಕಿಂತ ಮೆಲ್ಲಗಿನ ಪೆಟ್ಟು ಪೆಟ್ಟೇ ಅಲ್ಲ ಅಂತ ಎಲ್ಲೋ ಕೂತ ಯಾವನೋ ಗೆರೆ ಎಳೆದಿದಾನೆ ಬಾವ. ಅದರ ಕೆಳಗೆ ಇಳಿಯೋಕೇ ಬಿಡಲ್ಲ. ಇಟ್ಕೊಳ್ಳಲಿ ಅವನ ಪೆಟ್ಟಿಗೆ. ನಾನೇ ಮಾಡ್ತೀನಿ."

ಮೊದಲು ಅವನು ತನ್ನ ಚೀಲದಲ್ಲಿದ್ದ ಹಳೆಯ ಮೈಕ್ರೋಕಂಟ್ರೋಲರನ್ನೇ ಜೋಡಿಸಿದ. ಲಿಫ್ಟು ಯಾವ ಮಹಡಿಯಲ್ಲಿದೆ ಎಂದು ತೋರಿಸಲು ಸಾಕಾಗುವ ಚಿಪ್ ಅದು. ಸಣ್ಣ ಪೆಟ್ಟನ್ನು ಅದು ಅಳೆದದ್ದು ಗಜಕಡ್ಡಿಯಲ್ಲಿ ಸಾಸಿವೆ ಅಳೆದಂತಾಯಿತು. ಒಂದು ಪ್ಯಾಡನ್ನು ನೋಡಿ ಇನ್ನೊಂದಕ್ಕೆ ತಿರುಗುವಷ್ಟರಲ್ಲಿ ಪೆಟ್ಟು ಬಂದು ಹೋಗಿರುತ್ತಿತ್ತು.

"ನಿನ್ನ ಲಿಫ್ಟ್ ಥರಾನೇ ಇದೆ ಕಣೋ," ಬಾವ ಹೆಡ್‌ಫೋನ್ ಕಿತ್ತ. "ಗುಂಡಿ ಒತ್ತಿ ಕಾಯ್ತಾ ನಿಂತ್ಕೋಬೇಕು."

ಎಲೆಕ್ಟ್ರಾನಿಕ್ಸ್ ಅಂಗಡಿಯವನು ವೈಫೈ ಇರುವ ಹೊಸ ಬೋರ್ಡು ತೋರಿಸಿದಾಗ ಲಿಫ್ಟಿನವನು ಸಿಡುಕಿದ: "ಇದು ಊರವರ ಜೊತೆ ಹರಟೋದು ಬೇಡ್ರೀ. ಸುಮ್ನೆ ಕೂತು ಕೇಳಿಸ್ಕೊಂಡ್ರೆ ಸಾಕು." ಕೊನೆಗೆ, ವೇಗವಾಗಿ ಓದುವ, ಪೆಟ್ಟನ್ನು ಇನ್ನೂ ಸಣ್ಣ ಸಣ್ಣ ಮೆಟ್ಟಿಲುಗಳಲ್ಲಿ ಅಳೆಯುವ, ಪ್ರತಿ ಪ್ಯಾಡಿಗೂ ಬೇರೆ ಪಿನ್ನು ಇರುವ ಚಿಪ್ ಆರಿಸಿದ. ಪೆಟ್ಟಿನ ನಡುಕ ಹಿಡಿಯುವ ನಾಣ್ಯದಂಥ ಸೆನ್ಸರುಗಳನ್ನು ರಬ್ಬರಿನಡಿ ಅಂಟಿಸಿದ. ಗೆರೆಯನ್ನು ತಗ್ಗಿಸುತ್ತ ಹೋದ. ಮೇಲಿನ ಮನೆಯವರು ಕುರ್ಚಿ ಎಳೆದದ್ದೂ ಡ್ರಮ್ಮಾಗಿ ಕೇಳಿದಾಗ ಕೂದಲೆಳೆಯಷ್ಟು ಏರಿಸಿ ನಿಲ್ಲಿಸಿದ. ಪೆಟ್ಟಿನ ಅಲೆ ತುದಿ ಮುಟ್ಟುವವರೆಗೆ ಕಾದು ಅಳೆ, ಆಮೇಲೆ ಚಣ ಹೊತ್ತು ಕಿವಿ ಮುಚ್ಚಿಕೋ, ನಡುಕವನ್ನು ಇನ್ನೊಂದು ಪೆಟ್ಟೆಂದು ಎಣಿಸಬೇಡ ಎಂದು ಚಿಪ್‌ಗೆ ಕಲಿಸಿದ.

ಎಡಗೈ ಕೇಳಿಸಿತು. ಆದರೆ ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದಷ್ಟು ಕ್ಷೀಣವಾಗಿ. ಶನಿವಾರದ ಕಾರ್ಯಕ್ರಮಕ್ಕೆ ಬಾವ ಆಗುತ್ತಾನೋ ಇಲ್ಲವೋ ಎಂದು ನೋಡಲು ಯಜಮಾನ ಬರುವವನಿದ್ದ. ಲಿಫ್ಟಿನವನಿಗೆ ಅಳುಕಾಯಿತು. ಯಾರಿಗೂ ಹೇಳದೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ: ಎಡಗೈಯ ಪೆಟ್ಟು ಎಷ್ಟೇ ಮೆಲ್ಲಗಿರಲಿ, ಅದನ್ನು ಹಿಗ್ಗಿಸು.

ಯಜಮಾನ ಹೆಡ್‌ಫೋನ್ ಹಾಕಿಕೊಂಡು ಒಂದು ನಿಧಾನದ ತಾಳವನ್ನಷ್ಟೇ ಕೇಳಿದ. "ಹಳೇ ಕೈ ವಾಪಸ್ ಬಂತಲ್ಲಯ್ಯಾ! ಶನಿವಾರ ಬಂದ್ಬಿಡು," ಎಂದು ಬೆನ್ನು ತಟ್ಟಿ ಹೋದ.

ಬಾವನ ಮುಖ ಅರಳಿತ್ತು. ಮತ್ತೆ ಹೆಡ್‌ಫೋನ್ ಏರಿಸಿಕೊಂಡು ನೀರಿನ ಲೋಟಕ್ಕೆ ಕೈ ಚಾಚಿದ. ಅಂಗಿಯ ತೋಳಿನ ಗುಂಡಿ ಎಡಗಡೆಯ ಪ್ಯಾಡನ್ನು ಸವರಿತು. ಕಿವಿಯಲ್ಲಿ ದಢಾರನೆ ಸದ್ದಾಯಿತು. ಅವನು ಲೋಟ ಕೆಳಗಿಟ್ಟ.

"ಏನ್ ಮಾಡಿದೀಯ ಇದಕ್ಕೆ?"

"ಸ್ವಲ್ಪ ಎತ್ತಿಕೊಟ್ಟೆ ಬಾವ..."

"ನನ್ನ ಅಂಗಿ ಗುಂಡೀನೂ ಡ್ರಮ್ಮರ್ ಆಗೋಯ್ತು! ಮೆಲ್ಲಗೆ ಬಾರಿಸೋದಕ್ಕೆ ಜೀವ ತೇದಿದೀನಿ ನಾನು. ನೀನು ಅದನ್ನ ಕಿರುಚಿಸಿದೀಯ. ಆ ಪೆಟ್ಟಿಗೆ ಮಾಡಿದ ಕಾರ್ಖಾನೆಯವನು ನನ್ನ ಕೈನ ಕೇಳಿಸ್ಕೊಳ್ಲಿಲ್ಲ, ಅಷ್ಟೇ. ನೀನು ಕೇಳಿಸ್ಕೊಂಡು ಸುಳ್ಳು ಹೇಳ್ದೆ. ಅವನೇ ವಾಸಿ!"

"ಹಾಗಾದ್ರೆ ಶನಿವಾರ ಮನೇಲೇ ಕೂತಿರಿ!"

"ಕೂತಿರ್ತೀನಿ!"

"ಕೂಗಿ, ಇನ್ನೂ ಜೋರಾಗಿ ಕೂಗಿ," ಅಕ್ಕ ಅಡುಗೆಮನೆಯಿಂದ ಹೇಳಿದಳು. "ಡ್ರಮ್ಮೇ ಎಷ್ಟೋ ವಾಸಿ ಅಂತ ಪಕ್ಕದ ಮನೆಯೋರು ಬರ್ಲಿ."

ಲಿಫ್ಟಿನವನು ಲ್ಯಾಪ್‌ಟಾಪ್ ತೆರೆದು, ಕೀಲಿಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತ ಆ ಸಾಲನ್ನು ಅಳಿಸಿದ. ಅವನಿಗೆ ಉರಿದದ್ದು ಬಾವನ ಮಾತಿಗಲ್ಲ, ಅದು ನಿಜವಾಗಿದ್ದಕ್ಕೆ. ಹಗುರಾದದ್ದನ್ನು ಹಗುರವೆಂದೇ ಎಣಿಸದ ಯಂತ್ರವನ್ನು ಈ ಸಲ ಕಟ್ಟಿದವನು ಅವನೇ.

ಬಾವ ಈ ಸಲ ತನ್ನ ಹಳೆಯ ವೇಗದಲ್ಲಿ ಬಾರಿಸಿದ. ಬಲಗೈ ಗುಡುಗಿತು. ಎಡಗೈ ಕ್ಷೀಣವಾಗಿ, ತಡವಾಗಿ, ಎಡವುತ್ತ ಹಿಂದೆ ಬಂತು. ಬಾವ ಕಡ್ಡಿ ಕೆಳಗಿಟ್ಟು ಯಜಮಾನನಿಗೆ ಫೋನ್ ಮಾಡಿದ: "ನೀನು ಕೇಳಿದ್ದು ನನ್ನ ಕೈಯಲ್ಲ. ಶನಿವಾರಕ್ಕೆ ಬೇರೆಯವರನ್ನ ನೋಡ್ಕೋ."

ಮರುದಿನ ಸಂಜೆ ಲಿಫ್ಟಿನವನು ಬಂದಾಗ ಮನೆಯಲ್ಲಿ ರಬ್ಬರಿನ ಟಪಟಪ ಮಾತ್ರ ಕೇಳುತ್ತಿತ್ತು, ಅದರ ಮೇಲೆ ತನ್ನ ಎಡಗೈಗೇ ಬಾವನ ಬೈಗುಳ. "ಸೋಮಾರಿ! ಮತ್ತೆ ತಡ! ಬಾ ಮುಂದೆ!" ಲಿಫ್ಟಿನವನು ಇನ್ನೊಂದು ಹೆಡ್‌ಫೋನ್ ಚುಚ್ಚಿ ಪಕ್ಕದಲ್ಲಿ ಕುಳಿತ.

"ಕೇಳಿಸ್ತಾ?" ಬಾವ ತಲೆಯೆತ್ತದೆ ಕೇಳಿದ.

"ಕೇಳಿಸ್ತು. ಲೇಟಾಗಿದೆ."

"ಗೊತ್ತು. ಅದಕ್ಕೇ ಬೈತಿರೋದು."