ದಸ್ತಗೀರ್ ಸಾಹೇಬರ ಆನೆ ಗಡಿಯಾರ

ದಸ್ತಗೀರ್ ಸಾಹೇಬರ ಜೊತೆ ಕೂತು ಬಿಸಿ ಕಾಫಿ ಕುಡಿದವರು ಹಲಸೂರಿನಲ್ಲಿ ಯಾರೂ ಇಲ್ಲ. ಲೋಟ ಕೈಗೆ ಬಂದ ಕೂಡಲೇ ಅವರು ಪಶ್ಚಿಮಕ್ಕೆ ತಿರುಗಿ, "ಯೆಮೆನ್ ಫಕೀರರಿಗೆ ಸಲಾಂ" ಎನ್ನುತ್ತಿದ್ದರು. ಧ್ಯಾನದ ನಡುವೆ ತೂಕಡಿಕೆ ಬರಬಾರದೆಂದು ಆ ಫಕೀರರು ಐನೂರು ವರ್ಷದ ಹಿಂದೆ ಕಾಫಿ ಕುದಿಸದಿದ್ದರೆ ನಮ್ಮೆಲ್ಲರ ಗತಿ ಏನಾಗುತ್ತಿತ್ತು ಎಂದು ವಿವರಿಸುತ್ತಿದ್ದರು. ಆಮೇಲೆ ಕನ್ನಡಕ ಒರೆಸಿಕೊಂಡು, ಅದನ್ನು ಕಂಡುಹಿಡಿದ ಇಟಲಿಯವರಿಗೊಂದು ಸಲಾಂ. ಬಿಲ್ಲು ಬಂದರೆ ಅಚ್ಚು ಹಾಕುವುದನ್ನು ಕಲಿಸಿದ ಚೀನಾದವರಿಗೆ, ಬಿಲ್ಲಿನಲ್ಲಿದ್ದ ಸೊನ್ನೆಗಾಗಿ ನಮ್ಮ ಹಳೇ ಗಣಿತದವರಿಗೆ. ಅಷ್ಟು ಹೊತ್ತಿಗೆ ನನ್ನ ಕಾಫಿಯ ಮೇಲೆ ಕೆನೆ ಕಟ್ಟಿರುತ್ತಿತ್ತು.

ನಾನು ನಮ್ಮ ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ. ಎಂದರೆ, ನಲ್ಲಿಯಲ್ಲಿ ನೀರು ಬರದಿದ್ದರೆ ಬೈಸಿಕೊಳ್ಳುವವಳು. ಸಾಹೇಬರು ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಒಮ್ಮೆ ನೀರಿನ ದೂರು ಕೊಡಲು ನನ್ನ ಜೊತೆ ಇಂದಿರಾನಗರಕ್ಕೆ ಬಂದವರು, ವಾಪಸ್ ಬರುವಾಗ ಆಟೋ ಡ್ರೈವರನ ಬೆನ್ನು ತಟ್ಟಿ, "ನಿನ್ ಗಾಡಿ ಇಂಜಿನ್‌ನಲ್ಲಿ ಚಕ್ರ ತಿರುಗ್ಸೋ ಕ್ರ್ಯಾಂಕ್ ಇದ್ಯಲ್ಲ, ಅದು ಎಂಟುನೂರು ವರ್ಷದ್ದು, ಮಾಲೂಮ್?" ಎಂದರು.

"ಯಾರ್ರೀ ಹಂಗಂದಿದ್ದು? ಹೋದ ಆಯುಧಪೂಜೇಲಿ ತಗೊಂಡಿರೋ ಗಾಡಿ! ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ!" ಎಂದು ಅವನು ರೇಗಿ, ನಮ್ಮಿಬ್ಬರನ್ನೂ ನಡುರಸ್ತೆಯಲ್ಲಿ ಇಳಿಸಿ ಹೋದ. ಬಿಸಿಲಲ್ಲಿ ನಡೆಯುತ್ತಾ ನಾನು ಹಲ್ಲು ಕಡಿಯುತ್ತಿದ್ದೆ. ಅವರೋ ಆ ಕ್ರ್ಯಾಂಕ್ ಮಾಡಿದ ಮೇಸ್ತ್ರಿಯ ಗುಣಗಾನದಲ್ಲಿದ್ದರು.

ಅವರಿಗೆ ಈ ಹುಚ್ಚು ಯಾಕೆ ಹಿಡಿಯಿತು ಎಂದು ಅವತ್ತೇ ಕೇಳಿದೆ. ವಿಮಾನಪುರದ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ಫಿಟ್ಟರ್ ಆಗಿ ದುಡಿದವರು ಅವರು. "ಪ್ಲೇನ್ ಹಾರಿದ್ರೆ ಪೈಲಟ್‌ಗೆ ಚಪ್ಪಾಳೆ ಮೇಡಂ. ನಟ್ಟು ಬಿಗಿದೋರು ಯಾರು ಅಂತ ಯಾವಾನಾದ್ರೂ ಕೇಳ್ತಾನಾ? ಅದಕ್ಕೇ ನಾನು ಕೇಳ್ತೀನಿ," ಎಂದರು. ನನಗೆ ಪಾಪ ಎನಿಸಿತು. ಪಾಪ ಎನಿಸಿದ್ದೇ ತಪ್ಪಾಯಿತು. ಮರುವಾರವೇ ಅವರು ಗೇಟಿನ ಪಕ್ಕ ಒಂದು ಗಡಿಯಾರ ಕಟ್ಟಲು ಅನುಮತಿ ಕೇಳಿದರು, ನಾನು ಹೂಂ ಅಂದುಬಿಟ್ಟೆ.

ಗಡಿಯಾರ ಎಂದರೆ ಆನೆ! ಆ ಎಂಟುನೂರು ವರ್ಷದ ಹಿಂದಿನ ಮೇಸ್ತ್ರಿಯೇ ತನ್ನ ರಾಜನಿಗೆ ಆನೆಯ ಆಕಾರದ ನೀರು ಗಡಿಯಾರ ಕಟ್ಟಿದ್ದನಂತೆ. ಸಾಹೇಬರು ಶಿವಾಜಿನಗರದ ಗುಜರಿಯಿಂದ ತಗಡು, ಡ್ರಮ್ಮು, ಹಿತ್ತಾಳೆ ತಟ್ಟೆ ಹೊತ್ತು ತಂದು, ಎಳೆ ಆನೆಯಷ್ಟು ದೊಡ್ಡದನ್ನೇ ನಿಲ್ಲಿಸಿದರು. ಕಾವೇರಿ ಪೈಪಿನಿಂದ ಒಂದು ಸಣ್ಣ ಕವಲು ಆನೆಯ ಹೊಟ್ಟೆಗೆ. ಹೊಟ್ಟೆ ತುಂಬುತ್ತಾ ಹೋದ ಹಾಗೆ ಮೇಲೆ ಕೂತ ಮಾವುತನ ಕೋಲು ಅಂಕಿಗಳ ಮೇಲೆ ಸರಿಯುತ್ತಿತ್ತು. ಪೂರ್ತಿ ತುಂಬಿದರೆ ಕೋಲು ಮುಂದಿನ ಅಂಕಿಗೆ, ಒಂದು ಗಂಟೆಯ ಲೆಕ್ಕ. ಆಗ ಮಾವುತನ ತಲೆಯ ಮೇಲೆ ಕೂರಿಸಿದ್ದ ತಗಡಿನ ಹಕ್ಕಿಯ ಕೊಕ್ಕಿನಿಂದ ಗುಂಡು ಜಾರಿ ತಟ್ಟೆಯ ಮೇಲೆ ಠಣ್ ಎಂದು ಬೀಳುವುದು, ನೀರೆಲ್ಲ ಕ್ರೋಟನ್ ಗಿಡಗಳಿಗೆ ಹರಿದುಹೋಗುವುದು.

ಎಲ್ಲಾ ಸರಿ. ಆದರೆ ನಮಗೆ ಕಾವೇರಿ ಬರುವುದೇ ದಿನ ಬಿಟ್ಟು ದಿನ. ನೀರಿಲ್ಲದ ದಿನ ಕಾಲವೇ ನಿಂತುಹೋಗುತ್ತಿತ್ತು. ನೀರು ಜೋರಾಗಿ ಬಂದ ದಿನ ನಾವು ತಿಂಡಿ ಮುಗಿಸುವಷ್ಟರಲ್ಲಿ ಆನೆಯ ಲೆಕ್ಕದಲ್ಲಿ ಸಂಜೆ. ಇದೇನು ಸಾಹೇಬ್ರೇ ಎಂದರೆ, "ಟೈಮ್ ಕರೆಕ್ಟಾಗೇ ಇದೆ ಮೇಡಂ, ಪ್ರೆಷರ್ ಹೆಚ್ಚುಕಮ್ಮಿ," ಎನ್ನುತ್ತಿದ್ದರು.

ಕೆಳಮನೆಯ ಪದ್ಮಾವತಮ್ಮನವರು ಒಂದು ಚೊಂಬು ನೀರಿಗೂ ಜಗಳ ಕಾಯುವ ಹೆಂಗಸು. "ನಾವು ಮುಖ ತೊಳೆಯಕ್ಕೆ ನೀರಿಲ್ಲ, ಆ ತಗಡಿನ ಮುಂಡೇದು ಕಾವೇರಿ ಕುಡೀತಾ ನಿಂತಿದೆ! ಕಿತ್ತು ಬಿಸಾಕಿ!" ಎಂದು ಮೀಟಿಂಗ್ ಕರೆಸಿದರು. ಸಾಹೇಬರು ಎದ್ದು ನಿಂತರು. "ಎಲ್ಲಾರ ಮೊಬೈಲಲ್ಲೂ ಟೈಮ್ ಇದೆ, ನಂಗೊತ್ತು. ಆದ್ರೂ ಒಂದೇ ಒಂದ್ಸಲ ನೀವು ಬೆಳಿಗ್ಗೆ ಇದರ ಟೈಮ್ ನೋಡಿ ಎದ್ರೆ ಸಾಕು, ಆ ಮೇಸ್ತ್ರಿ ಮೆಹನತ್ತು ದಂಡ ಆಗಲ್ಲ," ಎಂದರು.

ಓಟು ಹಾಕಿದರೆ, ಆನೆ ಇರಲಿ ಎಂದೇ ಬಂತು! ಕಾರಣ ಬೇರೆ. ಆನೆ ಠಣ್ ಎಂದರೆ ನೀರು ಬಂದಿದೆ ಎಂದರ್ಥ. ಸದ್ದು ಕೇಳಿದ್ದೇ ಎಲ್ಲರೂ ಎದ್ದುಬಿದ್ದು ಬಿಂದಿಗೆ ಹಿಡಿದು ಓಡುತ್ತಿದ್ದೆವು. ಗಂಟೆ ಎಷ್ಟೆಂದು ನಮ್ಮಲ್ಲಿ ಒಬ್ಬರೂ ನೋಡಿದವರಲ್ಲ. ಸಾಹೇಬರು ಮಾತ್ರ ಬಾಲ್ಕನಿಯಲ್ಲಿ ನಿಂತು, "ನೋಡಿ ಮೇಡಂ, ಐದು ಹೊಡೀತು, ಇಡೀ ಬಿಲ್ಡಿಂಗ್ ಎದ್ದಿದೆ!" ಎಂದು ಹಿಗ್ಗುತ್ತಿದ್ದರು. ನಿಜ ಹೇಳುವ ಕಲ್ಲುಮನಸ್ಸು ನನಗಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವರ ಮಂಡಿ ಪೂರ್ತಿ ಕೈಕೊಟ್ಟಿತು. ಮಗಳು ಶಾಹೀನ ಕೆ.ಆರ್. ಪುರದ ತನ್ನ ಮನೆಗೆ ಕರೆದೊಯ್ಯಲು ಟೆಂಪೊ ತಂದಳು. ಸಾಮಾನೆಲ್ಲ ಏರಿತು. ಸಾಹೇಬರು ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕೂತು, "ಹತ್ತು ಗಂಟೆಗೆ ಹೊರಡ್ತೀನಿ," ಎಂದರು.

"ಅಬ್ಬಾಜಾನ್, ಹತ್ತು ಆಗೋಗಿದೆ," ಎಂದಳು ಶಾಹೀನ.

"ಅದರದ್ದು ಹತ್ತು," ಎಂದು ಆನೆಯನ್ನು ತೋರಿಸಿದರು.

ಮಾವುತನ ಕೋಲು ಒಂಬತ್ತು ದಾಟಿ ನಿಂತಿತ್ತು. ಕಾವೇರಿ ಬಂದು ನಾಲ್ಕು ದಿನವಾಗಿತ್ತು, ಟ್ಯಾಂಕರಿನವನು ಫೋನೇ ಎತ್ತುತ್ತಿರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಟೆಂಪೊದವನು ಹಾರ್ನ್ ಬಾರಿಸಿ ಬಾರಿಸಿ ಸಾಕಾಗಿ, ಸೀಟಿನ ಮೇಲೆಯೇ ಮಲಗಿದ. ಶಾಹೀನ ಬೇಡಿಕೊಂಡಳು, ಅತ್ತಳು. ಸಾಹೇಬರು ಯಾರ ಕಡೆಗೂ ನೋಡದೆ, "ನಾನೇ ಇದರ ಟೈಮ್ ನಂಬದೆ ಎದ್ದೋದ್ರೆ, ನಾಳೆಯಿಂದ ಇವರ್ಯಾರು ನಂಬ್ತಾರೆ ಬೇಟಿ?" ಎಂದರು.

ನಾನು ಮನೆಗೆ ಹೋಗಿ, ಸ್ನಾನಕ್ಕೆಂದು ಕೂಡಿಟ್ಟಿದ್ದ ಒಂದೇ ಬಕೆಟ್ ನೀರು ತಂದು ಆನೆಯ ಹೊಟ್ಟೆಗೆ ಸುರಿದೆ. ಕೋಲು ಒಂದು ಕೂದಲಷ್ಟು ಸರಿಯಿತು. ಎದುರುಮನೆಯವರು ಒಂದು ಕ್ಯಾನ್ ತಂದರು. ಆಮೇಲೆ ಒಂದೊಂದೇ ಬಾಗಿಲು ತೆರೆಯಿತು. ಪಾತ್ರೆ ತೊಳೆಯುವ ನೀರು, ಬೇಳೆಗೆಂದು ಇಟ್ಟ ನೀರು, ಎಲ್ಲಾ ಬಂತು. ಯಾರೂ ಲೆಕ್ಕ ಕೇಳಲಿಲ್ಲ. ಮಾವುತನ ಕೋಲು ಹತ್ತರ ಹೊಸ್ತಿಲಿಗೆ ಬಂದು ನಿಂತಾಗ ನೀರೆಲ್ಲ ಮುಗಿದಿತ್ತು.

ಆಗ ಪದ್ಮಾವತಮ್ಮ ತಮ್ಮ ಕುಡಿಯುವ ನೀರಿನ ಬಿಂದಿಗೆಯನ್ನು ಸೊಂಟದ ಮೇಲೆ ಹೊತ್ತು ಬಂದರು. ನಾನು ಇಸಿದುಕೊಂಡು ಒಂದೇ ಸಲ ಸುರಿಯಹೊರಟೆ. ಅವರು ನನ್ನ ಕೈ ಹಿಡಿದರು. ಕಣ್ಣು ತುಂಬಿತ್ತು.

"ನಿಧಾನಕ್ಕೆ ಹುಯ್ಯೇ," ಎಂದರು, "ಹತ್ತಾದ್ರೆ ಹೊರಟೋಗ್ತಾರೆ."