ನಾಸಿಕಕ್ಕೆ ಹೊರಟ ಗಾಡಿ

ಹೋದ ತಿಂಗಳು ತಿರುಪತಿಗೆ ಹೋಗುವುದಿತ್ತೆಂದು ನಮ್ಮ ಹಳೆಯ ಕಾರನ್ನು ಕಲಬುರಗಿಯ ಜಗತ್ ಸರ್ಕಲ್ ಹಿಂದಿನ ಗ್ಯಾರೇಜಿಗೆ ಒಯ್ದಿದ್ದೆವು. ಬಾನೆಟ್ ಎತ್ತಿದಾಗ ಕಾಯ್ದ ಆಯಿಲಿನ ವಾಸನೆ ಬಂತು. ಪಕ್ಕದ ಸ್ಟೂಲಿನ ಮೇಲೆ ಯಾರೋ ಕೆಂಪು ಬಾಳೆಹಣ್ಣಿನ ಚಿಪ್ಪು ಇಟ್ಟಿದ್ದರು, ತುಸು ಹೆಚ್ಚೇ ಹಣ್ಣಾಗಿತ್ತು. ಆ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಮೆಕ್ಯಾನಿಕ್, “ಲಂಬಾ ಜರ್ನಿ ಅದ ಅಂತೀರಿ ಮೇಡಂ, ಎಲ್ಲಾ ಬಿಚ್ಚಿ ನೋಡೇ ಬಿಡೋಣ್ರಿ” ಎಂದ.

“ಏನೂ ಬಿಚ್ಚಬ್ಯಾಡ. ಬ್ರೇಕ್ ಹಿಡೀತಾವೋ ಇಲ್ಲೋ ನೋಡಿ ಕೊಡು, ಸಾಕು” ಎಂದು ಗದರಿಬಿಟ್ಟೆ. ನನ್ನ ಗಂಡ ನನ್ನ ಮುಖವನ್ನೇ ನೋಡಿದರು. ಪಾಪ, ಆ ಹುಡುಗನದೇನು ತಪ್ಪಿತ್ತು… ನಾನು ಗದರಿದ್ದು ಅವನನ್ನಲ್ಲ.

ಮದುವೆಗೆ ಮೊದಲು ನಾನು ಕಮಲಾಪುರದ ಶಾಲೆಯಲ್ಲಿ ಟೀಚರಾಗಿದ್ದೆ. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದೆ. ಆ ಮನೆಯ ಮಾಲೀಕರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು, ನಾನೂ ಅದನ್ನೇ ಹಿಡಿದೆ. ಕಾಕಾನ ಹತ್ತಿರ ಒಂದು ಹಳೆಯ ಟೆಂಪೊ ಇತ್ತು. ಸುತ್ತಲಿನ ತೋಟಗಳಿಂದ ಕೆಂಪು ಬಾಳೆಯ ಗೊನೆ ತುಂಬಿಕೊಂಡು ದಿನಾ ಬೆಳಗ್ಗೆ ಕಲಬುರಗಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಎಷ್ಟು ವರ್ಷದಿಂದ ಎಂದರೆ, ಆ ಗಾಡಿಯ ಮೀಟರ್ ಒಂದು ಸುತ್ತು ಮುಗಿಸಿ ಮತ್ತೆ ಸೊನ್ನೆಗೆ ಬಂದು, ಆಮೇಲೆ ಬೇಸರವಾಗಿ ನಿಂತೇಬಿಟ್ಟಿತ್ತು. ಎಷ್ಟೋ ಸಲ ನಾನೂ ಅದರಲ್ಲಿ ಕೂತು ಕಲಬುರಗಿಗೆ ಬಂದಿದ್ದೇನೆ, ಮನೆಗೆ ಬಂದ ಮೇಲೂ ಸೀರೆಯಿಂದ ಆಯಿಲ್ ಮತ್ತು ಬಾಳೆಹಣ್ಣಿನ ವಾಸನೆ ಹೋಗುತ್ತಿರಲಿಲ್ಲ.

ಕಾಕಾನಿಗೆ ಒಬ್ಬಳೇ ಮಗಳು. ನಾನು ಆ ಮನೆಗೆ ಹೋಗುವ ಮುಂಚೆಯೇ ಅವಳನ್ನು ನಾಸಿಕಕ್ಕೆ ಕೊಟ್ಟಿದ್ದರು. ಮದುವೆಯ ಮರುದಿನ ಮಂಚ, ಅಲ್ಮಾರಿ, ಗ್ಯಾಸಿನ ಒಲೆ, ಭಾಂಡೆ ಸಾಮಾನು ಎಲ್ಲವನ್ನೂ ಅದೇ ಟೆಂಪೊದಲ್ಲಿ ಹೇರಿಕೊಂಡು ದಿಬ್ಬಣದ ಹಿಂದೆ ತಾವೇ ಹೊರಟಿದ್ದರಂತೆ. ಸೋಲಾಪುರ ದಾಟಿದ ಮೇಲೆ ಗಾಡಿ ಕೆಟ್ಟು ನಿಂತಿತು. ಬೀಗರ ಕಡೆಯವರು ಹೊಸ ಬಟ್ಟೆಯಲ್ಲೇ ಇಳಿದು ತಳ್ಳಬೇಕಾಯಿತು. ಆ ಮನೆಯವರು ಅದನ್ನು ಮರೆಯಲಿಲ್ಲ. “ಗಾಡಿ ತಳ್ಳಿಸಿಕೊಂಡು ಬಂದ ಸೊಸೆ” ಎಂಬ ಮಾತು ಅವಳಿಗೆ ಅಂಟಿಕೊಂಡಿತು. ಮೊದಲು ನಗೆಯಲ್ಲಿ, ಆಮೇಲೆ ಬೈಗುಳದಲ್ಲಿ, ಆಮೇಲೆ ಹೊಡೆತದ ಜೊತೆಗೆ…

ನಾನು ಅಲ್ಲಿಗೆ ಹೋದ ವರ್ಷ ಬೇಸಿಗೆಯಲ್ಲಿ ಅವಳ ಫೋನ್ ಬಂತು. ಹೊಡೆತ ತಡೆಯಲಾಗುತ್ತಿಲ್ಲ, ಬಂದು ಕರೆದುಕೊಂಡು ಹೋಗು ಎಂದು ಅಪ್ಪನಿಗೆ ಹೇಳಿದಳು. ಕಾಕಾನ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದೆವು, ಅವತ್ತೇ ಗಂಡನ ಅಂಗಿ-ಧೋತರ ಚೀಲಕ್ಕೆ ತುಂಬಿ, ಬಸ್ಸಿಗೆ ಹೊರಡಿ ಎಂದರು. ಕಾಕಾ ಚೀಲವನ್ನು ಮುಟ್ಟಲಿಲ್ಲ.

“ಬಸ್ಸಿಗೆ ಹೋದ್ರ ಸಾಮಾನ್ ಹ್ಯಾಂಗ್ ತರ್ಲಿ? ಬರೇ ಕೈಲೆ ಬಂದ್ರ ಓಡಿ ಬಂದಾಳ ಅಂತಾರ ಮಂದಿ. ಸಾಮಾನ್ ಸಮೇತ ಬಂದ್ರ ಅಪ್ಪ ಕರ್ಕೊಂಡ್ ಬಂದಾನ ಅಂತಾರ. ಗಾಡಿ ತಗೊಂಡೇ ಹೋಗ್ತೇನಿ. ಈ ಸಲ ಅದು ನಿಂದ್ರಬಾರದು, ಅಷ್ಟೇ.”

ಹೀಗೆ ಶುರುವಾಯಿತು ಗಾಡಿಯ ತಯಾರಿ. ಮೊದಲ ದಿನ ನನಗೂ ಸರಿ ಎನ್ನಿಸಿತ್ತು. ಸೋರುವ ರೇಡಿಯೇಟರ್, ನುಣ್ಣಗಾದ ಟೈರು, ಅವನ್ನು ಕಟ್ಟಿಕೊಂಡು ನಾಸಿಕದವರೆಗೆ ಹೋಗುವುದು ಹೇಗೆ? ಕಲಬುರಗಿಯ ಗ್ಯಾರೇಜಿನ ಉಸ್ತಾದ್ ಅವೆರಡನ್ನೂ ಸರಿಮಾಡಿ, “ಆರಾಮ್ ಹೋಗ್ರಿ ಕಾಕಾ, ಏನ್ ಫಿಕರ್ ಇಲ್ಲ” ಎಂದು ಕಳಿಸಿದ. ಕಾಕಾನಿಗೆ ಸಮಾಧಾನವಾಗಲಿಲ್ಲ. ಮಂಚ ಅಲ್ಮಾರಿಯ ಭಾರಕ್ಕೆ ಸಮನಾಗಿ ಶಹಾಬಾದಿ ಕಲ್ಲು ತುಂಬಿ ಕಮಲಾಪುರದಿಂದ ಕಲಬುರಗಿಗೆ, ಕಲಬುರಗಿಯಿಂದ ಕಮಲಾಪುರಕ್ಕೆ ಓಡಿಸಿ ನೋಡಿದರು. ಏರಿನಲ್ಲಿ ಇಂಜಿನ್ ಕಾಯಿತು. ಮತ್ತೆ ಗ್ಯಾರೇಜು. ಕ್ಲಚ್ ಬದಲಾಯಿತು. ಮತ್ತೆ ಕಲ್ಲು ತುಂಬಿದರು, ಈಗ ಬ್ರೇಕ್ ಒಂದು ಕಡೆ ಎಳೆಯುತ್ತಿತ್ತು. ಹುಡುಕುತ್ತ ಕೂತರೆ ಹಳೆಯ ಗಾಡಿಯಲ್ಲಿ ಏನು ಸಿಗುವುದಿಲ್ಲ?

“ನೀವು ಪರೀಕ್ಷಿಗಿ ಹುಡುಗ್ರನ್ನ ತಯಾರ್ ಮಾಡ್ತೀರಲ್ರಿ ಅಕ್ಕೋರ, ಹಂಗೇ ನಾ ಇದನ್ನ ತಯಾರ್ ಮಾಡಾಕತ್ತೀನಿ” ಎಂದು ನನ್ನ ಮುಂದೆ ನಗಲು ನೋಡುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಪರೀಕ್ಷೆಯ ದಿನ ಬಂದರೆ ಹುಡುಗರು ತಯಾರಿದ್ದರೂ ಇಲ್ಲದಿದ್ದರೂ ಹೋಗಿ ಕೂಡಬೇಕು ಕಾಕಾ, ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರು ತಲೆ ತಗ್ಗಿಸಿ ಬೋಲ್ಟು ಬಿಗಿಯುತ್ತ ಕೂತರು. ಅವರು ಹೆದರಿದ್ದಾರೆ ಎಂದು ನನಗೆ ಆಗ ತಿಳಿಯಿತು. ಬೀಗರ ಬಾಗಿಲಲ್ಲಿ ನಿಂತು ಮಗಳನ್ನು ಕೇಳುವುದಕ್ಕೆ ಹೆದರಿದ್ದರು. ಗಾಡಿ ಚೆನ್ನಾಗಿದ್ದರೆ ಆ ಮಾತು ಆಡುವ ಧೈರ್ಯ ಬಂದೀತು ಎಂದುಕೊಂಡಿದ್ದರೋ ಏನೋ… ಕಾಕು ಕಟ್ಟಿಟ್ಟ ಚೀಲ ಮಾತ್ರ ಗೂಟದಲ್ಲಿ ಹಾಗೇ ನೇತಾಡುತ್ತಿತ್ತು.

ಒಂದು ಮಧ್ಯಾಹ್ನ ಕಾಕು ಬಾವಿಯ ಕಡೆ ಹೋದಾಗ ಫೋನ್ ಬಡಿಯಿತು, ನಾನೇ ಎತ್ತಿದೆ. ಮಗಳು. ಅಪ್ಪ ಹೊರಟಿದ್ದಾನೇನು ಎಂದು ಕೇಳಿದಳು. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಇಂಜಿನ್ ಬಿಚ್ಚಿ ಗೋಣಿ ತಟ್ಟಿನ ಮೇಲೆ ಹರವಿದ್ದರು, ಕಾಕಾ ಒಂದೊಂದೇ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಮಂಚ, ಅಲ್ಮಾರಿ ಏನೂ ಬ್ಯಾಡಂತ ಹೇಳ್ರಿ ಅಪ್ಪಗ. ನಾ ಒಬ್ಬಾಕಿನೇ ಸಾಕು” ಎಂದಳು.

ಫೋನಿಟ್ಟು ಓಡಿಹೋಗಿ ಆ ಮಾತನ್ನು ಹಾಗೆಯೇ ಹೇಳಿದೆ. ಕಾಕಾನ ಕೈ ನಿಂತಿತು. ಕಣ್ಣಲ್ಲಿ ನೀರು ಬಂತು, ತೋಳಿನಿಂದ ಒರೆಸಿಕೊಂಡರು. “ಇನ್ನೇನ್ ಮುಗೀತ್ರಿ ಅಕ್ಕೋರ. ಜೋಡ್ಸೋದೊಂದೇ ಬಾಕಿ” ಎಂದರು. ಆ ಹೊತ್ತಿಗೆ ನಾಸಿಕದ ಕಡೆ ಹೋಗುವ ಬಸ್ಸು ಕಲಬುರಗಿಯಲ್ಲಿ ಇದ್ದೇ ಇತ್ತು.

ಜೋಡಿಸಿದ ಗಾಡಿ ಹೊಸದರ ಹಾಗಿತ್ತು. ಒಂದು ದಿನ ಸಂಜೆ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ, ಚಕ್ರಕ್ಕೆ ಕಾಯಿ ಒಡೆದು, ಬೆಳಗ್ಗೆ ಹೊರಡುವುದೆಂದು ಕಾಕು ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಾಗ ನಾಸಿಕದಿಂದ ಫೋನ್ ಬಂತು. ಅಳಿಯನ ಅಣ್ಣ ಮಾತಾಡಿದ. ಸೀಮೆಎಣ್ಣೆ ಸ್ಟೋ ಸಿಡಿದು ಹುಡುಗಿ ಹೋದಳು ಎಂದ. ಆ ಮನೆಯಲ್ಲಿ ಸ್ಟೋ ಇರಲಿಲ್ಲ. ಗ್ಯಾಸಿನ ಒಲೆಯನ್ನು ಕಾಕಾನೇ ಕೊಡಿಸಿದ್ದರು.

ಕಾಕಾ ಆ ಕ್ಷಣವೇ ಹೊರಟರು, ಅದೇ ಗಾಡಿಯಲ್ಲಿ, ತಮ್ಮನನ್ನು ಜೊತೆಗೆ ಕರೆದುಕೊಂಡು. ಇವರು ನಾಸಿಕ ಮುಟ್ಟುವಷ್ಟರಲ್ಲಿ ಬೀಗರು ದಹನ ಎಲ್ಲ ಮುಗಿಸಿಬಿಟ್ಟಿದ್ದರಂತೆ, ಮಗಳ ಮುಖ ಕೂಡ ತೋರಿಸಲಿಲ್ಲ. ಪೊಲೀಸು, ಪಂಚನಾಮೆ, ಕೇಸು, ಎಲ್ಲ ಆಯಿತು, ಏನೂ ಆಗಲಿಲ್ಲ. ವಾರ ಕಳೆದ ಮೇಲೆ ಟೆಂಪೊ ಅಂಗಳಕ್ಕೆ ಬಂದು ನಿಂತಿತು. ಮಂಚ ಇತ್ತು, ಅಲ್ಮಾರಿ ಇತ್ತು, ಭಾಂಡೆಗಳೆಲ್ಲ ಇದ್ದವು. ನಾನು ಬಾಗಿಲಲ್ಲಿ ನಿಂತಿದ್ದೆ. ಕಾಕಾ ಕೆಳಗಿಳಿದು, ಯಾರೋ ಕೇಳಿದ್ದಕ್ಕೆ ಉತ್ತರ ಕೊಡುವವರ ಹಾಗೆ, “ದಾರ್ಯಾಗ ಒಂದ್ ಪಂಚರ್ ಸೈತ ಆಗ್ಲಿಲ್ರಿ ಅಕ್ಕೋರ” ಎಂದರು. ಆ ದನಿಯನ್ನು ನಾನು ಬರೆದು ತಿಳಿಸಲಾರೆ.

ಮುಂದಿನ ವರ್ಷ ನನಗೆ ಕಲಬುರಗಿಗೆ ವರ್ಗವಾಯಿತು. ಮದುವೆಯಾಯಿತು, ಐವಾನ್-ಎ-ಶಾಹಿ ಕಡೆ ಮನೆ ಮಾಡಿದೆವು. ಕಾಕಾನ ಮನೆಗೆ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದವಳು ಆಮೇಲೆ ಅದನ್ನೂ ಬಿಟ್ಟೆ. ಕಾಕಾನ ಮೇಲೆ ನನಗೆ ಇದ್ದದ್ದು ಸಿಟ್ಟೋ ಕರುಣೆಯೋ ಇವತ್ತಿಗೂ ಹೇಳಲು ಬರುವುದಿಲ್ಲ.

ಗ್ಯಾರೇಜಿನಿಂದ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಭಾನುವಾರ ಕಮಲಾಪುರಕ್ಕೆ ಹೋದೆ. ಕಾಕಾ ತೀರಿಕೊಂಡು ಒಂದು ಮಳೆಗಾಲ ಕಳೆದಿದೆ ಎಂದು ಅಂಗಳದಲ್ಲೇ ತಿಳಿಯಿತು. ಕಾಕು ಕಣ್ಣು ಕಿರಿದು ಮಾಡಿ ನೋಡಿ ಗುರುತು ಹಿಡಿದರು, ಚಹಾ ಕೊಟ್ಟರು, ನನ್ನ ಮಕ್ಕಳ ವಿಷಯ ಕೇಳಿದರು. ಆಮೇಲೆ ತಾವಾಗಿಯೇ ಹೇಳಿದರು.

“ಕಡೀಕ್ ಕಡೀಕ್ ದಿನಾ ಒಂದೇ ಮಾತ್ ಕೇಳ್ತಿದ್ರವ್ವ. ಅವತ್ತೇ ಬಸ್ ಹತ್ತಿ ಹೋಗಿದ್ರ ಮಗಳು ಜೀವಂತ ಸಿಗ್ತಿದ್ಳೇನು ಅಂತ.”

“ನೀವೇನಂದ್ರಿ?”

“ಇಲ್ಲ ಅಂದೆ. ಅಕಿ ಹಣೀಬರಾನೇ ಅಷ್ಟಿತ್ತು, ನೀವ್ ಹ್ಯಾಂಗ್ ಹೋಗಿದ್ರೂ ಸಿಗ್ತಿದ್ದಿಲ್ಲ ಅಂದೆ. ದಿನಾ ಕೇಳ್ತಿದ್ರು, ದಿನಾ ಹಂಗೇ ಹೇಳ್ತಿದ್ದೆ. ಕೇಳಿ ಮಲಗ್ತಿದ್ರು.”

ಕಾಕು ನನ್ನ ಕೈಯಲ್ಲಿದ್ದ ಖಾಲಿ ಕಪ್ಪನ್ನು ತೆಗೆದುಕೊಂಡು ಎದ್ದರು, ಒಳಗೆ ಹೋಗಲಿಲ್ಲ, ಅಲ್ಲೇ ನಿಂತರು.

“ಸಿಗ್ತಿದ್ಳು, ಅಕ್ಕೋರ” ಎಂದರು.