ಟೇಲರಕ್ಕನ ಜೇಬುಗಳಲ್ಲಿ ಬಿಗೋನಿಯಾ

ಟೇಲರಕ್ಕನ ತುಟಿಯ ಬಲಮೂಲೆಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಇರುತ್ತಿದ್ದವು. ಮಾತೆಲ್ಲ ಎಡಮೂಲೆಯಿಂದ. ಚಹಾ ಕುಡಿಯುವಾಗಲೂ ತೆಗೆಯುತ್ತಿರಲಿಲ್ಲ. ನುಂಗಿಬಿಟ್ಟೀಯೆ ಎಂದು ನಾನು ಹೆದರಿದರೆ, ಹೊಟ್ಟೆಯೊಳಗೂ ನಾಲ್ಕು ಹೊಲಿಗೆ ಬೀಳುತ್ತವೆ, ಬಿಡು ಎನ್ನುತ್ತಿದ್ದಳು. ಆ ಸೂಜಿಗಳನ್ನು ತೆಗೆದು ಕುಪ್ಪಸದ ತೋಳಿಗೆ ಚುಚ್ಚಿಕೊಂಡಳೆಂದರೆ ಮಾತ್ರ ಎದುರಿಗಿದ್ದವರು ಹುಷಾರಾಗಬೇಕು. ಆಮೇಲೆ ಬರುವ ಮಾತು ಚೇಷ್ಟೆಯದಲ್ಲ.

ಆಳಂದದಲ್ಲಿ ನಮ್ಮಿಬ್ಬರ ಬಾಗಿಲು ಎದುರುಬದುರು. ಓಣಿಯ ಹೆಂಗಸರ ಜಂಪರುಗಳೆಲ್ಲ ಆಕೆಯ ಮಷಿನ್ನಿನ ಕೆಳಗೆ ಹಾದು ಬಂದವೇ. ಕೇಳಲಿ ಬಿಡಲಿ, ಪ್ರತಿ ಜಂಪರಿನ ಒಳಗೆ ಒಂದು ಜೇಬು ಇಡುತ್ತಿದ್ದಳು. ನಾನು ಬೇಡವೆಂದಾಗ, "ಗಂಡಸರಿಗೆ ಮೈತುಂಬ ಜೇಬು. ನಿನಗೊಂದಿದ್ರ ಯಾರ ಹೊಟ್ಟಿ ಉರಿತದಬೇ?" ಎಂದು ಕೇಳಿದಳು. ಈಗ ಆ ಜೇಬಿನಲ್ಲೇ ನನ್ನ ಫೋನು ಇರುತ್ತದೆ. ಇದನ್ನೆಲ್ಲ ಬರೆಯುತ್ತಿರುವುದೂ ಅದರಲ್ಲೇ. ಅಕ್ಷರ ಒತ್ತುವುದನ್ನು ಕಲಿಸಿದ ಮೊಮ್ಮಗಳು, ಯಾಕಾದರೂ ಕಲಿಸಿದೆನೋ ಎನ್ನುತ್ತಿದ್ದಾಳೆ.

ಟೇಲರಕ್ಕನ ಗಂಡ ತೀರಿದ ಮೇಲೆ ಆಕೆಯ ಮೈದುನ ಮನೆ ಪಾಲು ಮಾಡಿಸಿದ. ಟೇಲರಕ್ಕನ ಪಾಲಿಗೆ ಬಂದದ್ದು ಓಣಿಯ ಕಡೆಯ ಒಂದು ಕೋಣೆ, ಅದರ ಮುಂದೆ ಕಲ್ಲು ಹಾಸಿದ ಅಂಗಳದ ತುಂಡು. ತುಳಸಿ ಹಚ್ಚಲೂ ಮಣ್ಣಿಲ್ಲ. ಅಂಗಳದ ಬದಿಯ ಗೋಡೆಯೊಂದು ಮಾತ್ರ ಯಾರ ಪಾಲಿಗೂ ಸೇರದೆ ಉಳಿದಿತ್ತು. ಅದಕ್ಕೆ ತಗಡು ಹೊಡೆದು ತನ್ನ ಮೋಟಾರ್‌ಸೈಕಲ್ಲಿಗೆ ನೆರಳು ಮಾಡಬೇಕೆಂದು ಮೈದುನನ ಆಸೆ.

ಅಷ್ಟರಲ್ಲಿ ಸೊಲ್ಲಾಪುರದ ಕಡೆಯಿಂದ, ಖಜೂರಿ ದಾಟಿ, ಸಸಿ ಮಾರುವ ಗಾಡಿ ಬಂತು. ಟೇಲರಕ್ಕನ ಕಣ್ಣು ಬಿಗೋನಿಯಾದ ಮೇಲೆ ಬಿತ್ತು. ಎಣ್ಣೆ ಹಚ್ಚಿದಂಥ ಎಲೆ, ಪುಟ್ಟ ಕೆಂಪು ಹೂವು, ನಡುವೆ ಹಳದಿ. ಗುಂಡಿ ಹಚ್ಚಿದ ಹಾಗಿದೆ ಎಂದು ಆಕೆಗೆ ಹಿಡಿಸಿಬಿಟ್ಟಿತು. ನೆಲದಲ್ಲಿ ಮಣ್ಣಿಲ್ಲದಿದ್ದರೇನು? ಉದ್ದನೆಯ ರೆಕ್ಸಿನ್ ಹಾಳೆಯ ಮೇಲೆ ಸಾಲುಸಾಲಾಗಿ ಜೇಬು ಹೊಲಿದಳು. ಒಂದೊಂದರಲ್ಲೂ ಗೊಬ್ಬರ ಕಲಸಿದ ಮಣ್ಣು ತುಂಬಿ, ಒಂದೊಂದು ಸಸಿ ಇಟ್ಟು, ಆ ಗೋಡೆಗೇ ತೂಗುಹಾಕಿದಳು.

ಕೆಲವೇ ದಿನಗಳಲ್ಲಿ ಎಲ್ಲವೂ ಬುಡ ಕೊಳೆತು ಬಾಗಿದವು. ಬೆರಳು ಹಾಕಿ ನೋಡಿದರೆ ಜೇಬಿನೊಳಗೆ ರಾಡಿ. ತಳಕ್ಕೆ ಎರಡೆರಡು ಹೊಲಿಗೆ ಹಾಕಿ ಬಿಗಿದಿದ್ದಳು, ಹನಿ ನೀರು ಹೊರಗೆ ಹೋಗುವಂತಿರಲಿಲ್ಲ. ತೂತು ಬಿಡಬೇಕಿತ್ತಲ್ಲ ಎಂದೆ. ಆಕೆಯ ಮುಖ ಕೆಂಪೇರಿತು. ತೂತಿನ ಜೇಬು ತನ್ನ ಕೈಯಿಂದ ಇವತ್ತಿನವರೆಗೆ ಹೊರಗೆ ಹೋಗಿಲ್ಲ ಎಂದವಳೇ ನನ್ನ ಸಂಗಡ ಮಾತು ಬಿಟ್ಟಳು. ಒಂದು ಬೆಳಿಗ್ಗೆ ನೋಡುತ್ತೇನೆ, ಕತ್ತರಿ ಹಿಡಿದು ಪ್ರತಿ ಜೇಬಿನ ತಳದಲ್ಲೂ ತೂತು ಮಾಡುತ್ತಿದ್ದಾಳೆ. ಮಾಡಿದ ತೂತಿನ ಸುತ್ತ ಅಂಗಿಯ ಗುಂಡಿಮನೆಗೆ ಹಾಕುವಂತೆ ಚಂದಗೆ ಕಾಜಾ ಬೇರೆ. ಹೊಸ ಸಸಿ ಬಂದವು. ಮೇಲಿನ ಸಾಲಿಗೆ ಹೊಯ್ದ ನೀರು ಹನಿಹನಿಯಾಗಿ ಕೆಳಗಿನ ಸಾಲಿಗೆ ಇಳಿಯತೊಡಗಿತು. ಚಳಿಗಾಲವೆಲ್ಲ ಗೋಡೆ ತುಂಬ ಹೂವು.

ಮೈದುನ ಓಣಿಯವರ ಮುಂದೆಯೇ ಕೇಳಿದ: "ದೇವರಿಗೆ ಏರ್ಸಂಗಿಲ್ಲ, ತಲಿಗೆ ಮುಡಿಯಂಗಿಲ್ಲ. ಗಂಡ ಸತ್ತಾಕಿಗೆ ಈ ಹೂವು ಯಾಕ ಬೇಕ ವೈನಿ?"

ಟೇಲರಕ್ಕ ಸೂಜಿಗಳನ್ನು ತೋಳಿಗೆ ಚುಚ್ಚಿಕೊಂಡಳು.

"ನೋಡಾಕ ಬೇಕು. ಗಂಡ ಸತ್ತಾನ, ನನ್ನ ಕಣ್ಣು ಸತ್ತಿಲ್ಲ."

ಬೇಸಿಗೆ ಬರಲಿ, ಎಲ್ಲ ಸುಟ್ಟುಹೋಗುತ್ತವೆ, ಆಗ ತಗಡು ಹೊಡೆಯುತ್ತೇನೆ ಎಂದ ಅವನು.

"ಬ್ಯಾಸಗಿ ಮುಗದು ಮಿರಗದ ಮಳಿ ಬೀಳೂತನಕ ಒಂದ ಹೂ ನಿಂತ್ರೂ ಗ್ವಾಡಿ ನಂದು. ಹೂ ಇರೂತನಕ ನಂದು. ಹೌದ ಅನ್ನು, ಎಲ್ಲಾರೂ ಕೇಳಾಕತ್ತಾರ."

ಅವನು ನಗುತ್ತ ಹೌದು ಎಂದ. ನಮ್ಮೂರ ಬೇಸಿಗೆಯ ಮೇಲೆ ಅವನಿಗೆ ಅಷ್ಟು ಭರವಸೆ.

ಆ ಬೇಸಿಗೆಯೂ ಅವನ ಮಾತು ಉಳಿಸಲು ಹೊರಟಂತೆಯೇ ಕಾಯಿತು. ಮುಂದೆ ಹಳೆಯ ಸೀರೆಯ ಪರದೆ ಕಟ್ಟಿದರೂ ಎಲೆಗಳು ಅಂಚಿನಿಂದ ಕಂದಿದವು. ಒಂದು ಮಧ್ಯಾಹ್ನ ಟೇಲರಕ್ಕ ಜೇಬುಗಳ ಬೆನ್ನಿಗೆ ಅಂಗೈ ಇಟ್ಟು, ಚುರ್ ಎಂದು ಹಿಂದೆಗೆದಳು. ಬಿಸಿಲಲ್ಲ, ರೊಟ್ಟಿಯ ಹಂಚಿನಂತೆ ಕಾದ ಗೋಡೆ ಹಿಂದಿನಿಂದ ಸುಡುತ್ತಿತ್ತು. ಒಳಗೆ ಹೋಗಿ ಪೆಟ್ಟಿಗೆ ತೆಗೆದು ಕೌದಿಯೊಂದನ್ನು ಹೊತ್ತು ತಂದಳು. ಜೇವರ್ಗಿಯ ತವರಿನಿಂದ ಅವರವ್ವ ಹೊಲಿದು ಕಳಿಸಿದ್ದು, ಒಂದು ದಿನವೂ ಹೊದ್ದದ್ದಲ್ಲ. ನಾನು ಕೈ ಹಿಡಿದೆ. ಅವ್ವ ಮಗಳಿಗೆ ಆಸರೆಯಾಗಲಿ ಅಂತ ಕೊಟ್ಟದ್ದು, ಮಗಳಿಗೆ ಈಗ ಬೇಕಾಗಿದೆ ಎಂದು ಕೈ ಕೊಡವಿದಳು. ಗೋಡೆಗೂ ಜೇಬುಗಳಿಗೂ ನಡುವೆ ಕೌದಿ ಇಳಿಯಿತು. ಅದಕ್ಕೂ ದಿನಾ ನೀರು ಚಿಮುಕಿಸುತ್ತಿದ್ದಳು.

ಮೇಲಿನ ಸಾಲು ಹೋಯಿತು. ಕೆಳಗಿನದೂ ಹೋಯಿತು. ಮಿರಗದ ಮೊದಲ ಹನಿ ಬಿದ್ದಾಗ ನಡುವಿನ ಸಾಲಿನಲ್ಲಿ ಮೂಗುತಿಯಷ್ಟು ಒಂದು ಹೂವು ಇತ್ತು. ಟೇಲರಕ್ಕ ಓಣಿಯವರಿಗೆಲ್ಲ ಚಹಾ ಮಾಡಿ ಮೈದುನನನ್ನೂ ಕರೆದಳು. ಅವನು ಕೊಡೆ ಹಿಡಿದು ಬಂದು, ಬಗ್ಗಿ, ಕಾಗದದ್ದಿರಬಹುದೆಂದು ಮುಟ್ಟಿಯೂ ನೋಡಿದ. ಚಹಾ ಕುಡಿಯದೆ ಹೋದ. ಅವನ ಪಾಲಿನದನ್ನು ನಾನೇ ಕುಡಿದೆ.

ಆಮೇಲಿನ ಬೇಸಿಗೆಗಳನ್ನೂ ಆ ಹೂವುಗಳು ದಾಟಿದವು. ಟೇಲರಕ್ಕ ಕಳೆದ ದೀಪಾವಳಿಯ ಹಿಂದುಮುಂದೆ, ಎದೆನೋವೆಂದು ಕಲಬುರಗಿಗೆ ಕರೆದೊಯ್ಯುವ ದಾರಿಯಲ್ಲೇ ತೀರಿಕೊಂಡಳು. ಮಣ್ಣು ಮಾಡಿ ಬಂದು ವಾರ ಕಳೆದಿರಲಿಲ್ಲ, ಮೈದುನ ತಗಡು ತಂದಿಳಿಸಿದ. ನಾನು ನನ್ನ ಪ್ಲಾಸ್ಟಿಕ್ ಕುರ್ಚಿ ಎಳೆದು ತಂದು ಗೋಡೆಯ ಮುಂದೆ ಹಾಕಿ ಕೂತೆ.

"ಏಳ್ರಿ ಕಾಕು. ಆಕಿ ಹೋದಳಲ್ಲ."

"ಆಕಿ ಹೋದಳು, ಹೂ ಹೋಗಿಲ್ಲ. ಹೂ ಇರೂತನಕ ಅಂದಿದ್ದಳು, ನೀ ಹೌದ ಅಂದಿದ್ದಿ."

ಜಂಪರು ಹೊಲಿಸಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಅವನು ತಗಡನ್ನು ಮೂಲೆಗೆ ಒರಗಿಸಿ ಒಳಗೆ ಹೋದ.

ಬಿಗೋನಿಯಾದ ಕಡ್ಡಿ ಮುರಿದು ಚುಚ್ಚಿದರೆ ಬೇರು ಬಿಡುತ್ತದೆ, ಟೇಲರಕ್ಕ ಕಲಿಸಿದ್ದು. ಹಾಗೆ ಖಾಲಿ ಜೇಬುಗಳನ್ನೆಲ್ಲ ತುಂಬಿದ್ದೇನೆ. ಕೌದಿಗೆ ತೇಪೆಯನ್ನೂ ಹಾಕಿದ್ದೇನೆ. ಹೊಲಿಗೆ ಸೊಟ್ಟ, ಆಕೆ ನೋಡಿದ್ದರೆ ಬಿಚ್ಚಿಸುತ್ತಿದ್ದಳು. ಮೋಟಾರ್‌ಸೈಕಲ್ ಇನ್ನೂ ಬಿಸಿಲಲ್ಲೇ ನಿಲ್ಲುತ್ತದೆ. ಹತ್ತುವ ಮೊದಲು ಸೀಟಿನ ಮೇಲೆ ಹೊಯ್ಯಲು ಅವನು ನನ್ನನ್ನು ಒಂದು ಚೊಂಬು ನೀರು ಕೇಳುತ್ತಾನೆ. ಮೇಲಿನ ಸಾಲಿಗೆ ಹೊಯ್ದು ಉಳಿದರೆ ಕೊಡುತ್ತೇನೆ.